ಹಿರೇವ್ವನ ಮಾರಿ ತೊಳೆದು ಕಳಿಸಿದ್ದು

ಸೋನ್ಯಾಳ

ಮನೆಯ ಹಿರಿಯರನ್ನು ಯಾರೂ ಟಪಾಲಿಗೆ ಹಾಕುವುದಿಲ್ಲ. ಅತ್ತ ಪುಣೆ ಇತ್ತ ವಿಜಯಪುರ ಬಿಟ್ಟರೆ ಬೇರೆ ಊರು ಕಾಣದ ನಾನು, ಮರಾಠಿ ನಾಡಿನ ಗಡಿಯ ಜತ್ತ ಸೀಮೆಯ ಕನ್ನಡ ಸಾಲಿಯ ನಿವೃತ್ತ ಮಾಸ್ತರ, ಸ್ವೀಡನ್ ಎಂಬ ಚಳಿಯ ದೇಶಕ್ಕೆ ಹೋಗಿ ಬಂದದ್ದಕ್ಕೆ ಇಷ್ಟೇ ಕಾರಣ.

ಹಿರಿಯರು ಅಂದರೆ ಒಂದು ತಗಡು. ಅಂಗೈ ಅಗಲದ ತಾಮ್ರ, ಅದರ ಮೇಲೆ ಬೆಳ್ಳಿಯ ತೆಳು ಹೊದಿಕೆ. ಸುತ್ತ ಹಿತ್ತಾಳೆಯ ಚೌಕಟ್ಟು, ಅದರ ನಡುವೆ ತತ್ತಿಯಾಕಾರದ ಒಂದು ಕಿಂಡಿ. ಕಾಗದದ ಮೇಲೆ ಫೋಟೊ ಮೂಡಿಸುವುದನ್ನು ಜನ ಕಲಿಯುವ ಮೊದಲು ಹೀಗೆ ಬೆಳ್ಳಿ ತಗಡಿನ ಮೇಲೆ ಮೂಡಿಸುತ್ತಿದ್ದರಂತೆ. ನಮ್ಮ ಮನೆಯ ದೇವರ ಜಗಲಿಯ ಮೇಲಿದ್ದದ್ದು ಅಂಥದೊಂದು ಫೋಟೊ. ಅದರೊಳಗೆ ನಮ್ಮ ವಂಶದ ಹಿರೇವ್ವ ಕೂತಿದ್ದಾಳೆ. ಕೂತಿದ್ದಾಳೆ ಎಂದು ಹೇಳುತ್ತ ಬಂದದ್ದಷ್ಟೇ, ಕಂಡವರು ಯಾರೂ ಉಳಿದಿಲ್ಲ. ಮೇಲಿನ ಗಾಜು ಯಾವ ಕಾಲಕ್ಕೋ ಒಡೆದು ಹೋಗಿ, ಗಾಳಿ ತಾಕಿದ ಬೆಳ್ಳಿ ಕಪ್ಪಿಟ್ಟು, ನಾನು ಹುಟ್ಟುವ ಮೊದಲೇ ಅದು ರೊಟ್ಟಿ ಹಂಚಿನ ತಳದಂತಾಗಿತ್ತು.

ಹಿರೇವ್ವನ ಕಥೆಯನ್ನು ನನಗೆ ಹೇಳಿದವಳು ದೊಡ್ಡವ್ವ, ನನ್ನ ಅಪ್ಪನ ಅಣ್ಣನ ಹೆಂಡತಿ. ತಾಯಿಯಿಲ್ಲದ ನನ್ನನ್ನು ಬೆಳೆಸಿದವಳು. ನನಗೆ ಬರುವ ಕನ್ನಡವೆಲ್ಲ ಅವಳ ಬಾಯಿಂದ ಉದುರಿದ್ದು, ಸಾಲಿಯಲ್ಲಿ ಕಲಿಸಿದ್ದು ಬರೀ ಅಕ್ಷರ. ಅವಳ ಕಥೆ ಹೀಗಿತ್ತು: ಹಿರೇವ್ವನ ಗಂಡ ಸೋಲಾಪುರದ ಬಿಳಿಯರ ಕ್ಯಾಂಪಿನಲ್ಲಿ ಗಾಡಿ ಹೊಡೆಯುತ್ತಿದ್ದ. ಅಲ್ಲಿ ಒಬ್ಬ ಸಾಹೇಬನ ಹೆಂಡತಿ ಹಡೆದು ಸತ್ತಳು. ಹಿರೇವ್ವ ಹಸಿ ಬಾಣಂತಿ, ಆ ಬಿಳಿ ಕೂಸಿಗೆ ಎದೆ ಕೊಟ್ಟು ಬದುಕಿಸಿದಳು. ಸಾಹೇಬ ಖುಷಿಯಾಗಿ ಅವಳನ್ನು ಕುರ್ಚಿಯ ಮೇಲೆ ರಾಣಿಯಂತೆ ಕೂಡಿಸಿ, ಬೆಳ್ಳಿಯ ಮೇಲೆ ಅವಳ ಮುಖ ಬರೆಸಿಕೊಟ್ಟ.

ದೊಡ್ಡವ್ವ ಸೊಸೆಯಾಗಿ ಬಂದಾಗ ಅವಳ ಅತ್ತೆ ಹೇಳಿದ್ದಳಂತೆ, ಕಿಂಡಿಯೊಳಗೆ ಕೈ ಇಡಬ್ಯಾಡ, ಹಿರೇರ ಮಾರಿ ಮುಟ್ಟಬಾರದು ಎಂದು. ಅಂದಿನಿಂದ ದಿನಾ ಹಿತ್ತಾಳೆಗೆ ವಿಭೂತಿ ಹಚ್ಚಿ ಕೈ ಮುಗಿದಳೇ ಹೊರತು ಒಳಗೆ ಬೆರಳು ಹಾಕಲಿಲ್ಲ. ಈಗ ಅವಳ ಕಣ್ಣಿಗೆ ಕಾಚಬಿಂದು. ಸುತ್ತಲಿಂದ ಕತ್ತಲೆ ಮುಚ್ಚುತ್ತ ಬರುವ ರೋಗ. ಮಿರಜದ ಡಾಕ್ಟರು ಕೈ ಚೆಲ್ಲಿದ್ದರು.

"ಬಾಗಲಾ ಹಾಕ್ಕೋತ ಬಂದಂಗ ಆಗ್ಯದಪಾ," ಎಂದಳು. "ಸಂದ್ಯಾಗ ಒಂದೀಟ ಬೆಳಕು ಅದ. ಪೂರಾ ಹಾಕೂದ್ರೊಳಗ ಆಕಿ ಮಾರಿ ಒಮ್ಮಿ ತೋರಸು. ದಿನಾ ಯಾರಿಗೆ ಕೈ ಮುಗುದೆ ಅನ್ನೂದರ ಗೊತ್ತಾಗ್ಲಿ."

ಆಗ ನನಗೆ ನೆನಪಾದವಳು ಶಬಾನಾ. ಡಫಳಾಪುರದ ಸಾಲಿಯಲ್ಲಿ ನನ್ನ ವಿದ್ಯಾರ್ಥಿನಿ. ಅವಳಪ್ಪ ಕಲಾಯಿ ಹಾಕುವವನು, ಊರೂರು ತಿರುಗಿ ತಾಮ್ರದ ಪಾತ್ರೆಗಳಿಗೆ ತವರ ಬಳಿಯುತ್ತಿದ್ದ. ಮಗಳು ರಸಾಯನಶಾಸ್ತ್ರ ಓದಿ, ಸ್ವೀಡನ್ನಿನ ಒಂದು ದೊಡ್ಡ ಪ್ರಯೋಗಾಲಯದಲ್ಲಿ ಇಂಥ ಹಳೆಯ ತಗಡಿನ ಫೋಟೊಗಳನ್ನೇ ಪರೀಕ್ಷಿಸುತ್ತಾಳೆ. ತಗಡಿನ ಚಿತ್ರ ಫೋನಿನಲ್ಲಿ ಕಳಿಸಿದೆ. ಕೂಡಲೇ ಅವಳ ಕರೆ ಬಂತು. "ಗುರೂಜಿ, ಇಂಥಾವು ನೋಡೀನ್ರಿ. ಈ ಕರೀ ತಗಡಿನ ಒಳಗಿಂದ ಮಾರಿ ತೆಗೀಬಹುದು. ನೀವು ಏನೂ ಮಾಡಬ್ಯಾಡ್ರಿ, ಹ್ಯಾಂಗ ಅದ ಹಾಂಗ ಕಳಸ್ರಿ."

ಕಳಿಸು ಎನ್ನುವ ಮಾತಿಗೆ ದೊಡ್ಡವ್ವ ಸಿಟ್ಟಾದಳು. "ಹಿರೇರನ್ನ ಟಪಾಲಿಗೆ ಹಾಕ್ತಾರೇನೋ? ಮ್ಯಾಲ ತಿಕೀಟು ಹಚ್ಚಿ ಠಪ್ಪಂತ ಸಿಕ್ಕಾ ಹೊಡಸ್ತಿ? ನೀ ಹೋಗು. ಪಿಂಚಣಿ ತಿಂದು ಹೊಟ್ಟಿ ಬಂದದ, ಕರಗ್ಲಿ."

ಹೊರಡುವ ಮುಂಜಾನೆ ತಗಡನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಗಂಟಿನ ಮೇಲೆ ಗಂಟು ಹಾಕಿ ನನ್ನ ಕೈಗೆ ಕೊಟ್ಟಳು. ಹೆಣ್ಣುಮಗಳನ್ನು ಕಳಿಸುವಂತೆ ತಲಬಾಗಿಲ ತನಕ ಬಂದಳು.

ಮುಂಬೈ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಚೀಲ ಮಾತ್ರ ಪಕ್ಕಕ್ಕೆ ಹೋಯಿತು. ಒಳಗೆ ಲೋಹ ಕಂಡಿತ್ತು. ಗಂಟು ಬಿಚ್ಚಲು ದೊಡ್ಡವ್ವನಂಥ ಉಗುರು ಬೇಕು. ನನ್ನ ಹಿಂದಿನ ಸಾಲು ಗೊಣಗತೊಡಗಿತು. ಕಡೆಗೆ ಹಲ್ಲಿನಿಂದ ಬಿಚ್ಚಿದೆ.

ತಗಡು ಫಳಫಳ ಹೊಳೆಯುತ್ತಿತ್ತು. ನನ್ನ ಮುಖ, ಕನ್ನಡಕ, ಮೇಲಿನ ದೀಪ ಎಲ್ಲ ಅದರಲ್ಲಿ ಕಂಡವು.

"ಆರಸಾ ಆಹೇ ಕಾ, ಕಾಕಾ?" ಕನ್ನಡಿಯೇ ಎಂದು ತಪಾಸಣೆಯ ಹುಡುಗ ಮರಾಠಿಯಲ್ಲಿ ಕೇಳಿದ.

"ಆಜಿ ಆಹೇ," ಎಂದೆ. ಅಜ್ಜಿ.

ಅವನು ನನ್ನನ್ನೊಮ್ಮೆ ನೋಡಿ, ತಗಡನ್ನು ಎತ್ತಿ ಅದರಲ್ಲಿ ತನ್ನ ಮೀಸೆ ತಿದ್ದಿಕೊಂಡು ಮರಳಿ ಕೊಟ್ಟ. ನಾನು ನಕ್ಕೆ. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯೇ ಆಯಿತು. ಪರದೇಶಕ್ಕೆ ಹೋಗುವ ವಸ್ತು, ದೊಡ್ಡವ್ವ ಎಷ್ಟು ಚಲೋ ತೊಳೆದಿದ್ದಾಳೆ ಎಂದುಕೊಂಡೆ. ಏನೂ ಮಾಡಬೇಡಿ ಎಂದ ಶಬಾನಾಳ ಮಾತು ಆಗ ಮನಸ್ಸಿಗೆ ಹೊಳೆಯಲೇ ಇಲ್ಲ.

ಕಡಲ ಮೇಲಿನ ರೈಲು

ವಿಮಾನ ಇಳಿಯುವುದು ಡೆನ್ಮಾರ್ಕಿನಲ್ಲಿ. ಅಲ್ಲಿಂದ ರೈಲೊಂದು ಕಡಲ ಮೇಲಿನ ಸೇತುವೆ ದಾಟಿ ಸ್ವೀಡನ್ನಿಗೆ ಹೋಗುತ್ತದೆ. ಮಧ್ಯಾಹ್ನ ಸರಿಯುತ್ತಿದ್ದಂತೆಯೇ ಕತ್ತಲೆಯಾಗುತ್ತಿತ್ತು. ಕೆಳಗೆ ನೀರು ಸೀಸದ ಬಣ್ಣ, ಮೇಲೆ ಮುಗಿಲೂ ಅದೇ ಬಣ್ಣ.

ರೈಲಿನ ತುಂಬ ಜನ, ಮಾತು ಮಾತ್ರ ಇಲ್ಲ. ನಮ್ಮಲ್ಲಿ ಜತ್ತದ ಬಸ್ಸು ನಿಲ್ದಾಣ ದಾಟುವುದರೊಳಗೆ ಪಕ್ಕದವರ ಊರು, ಅಡ್ಡಹೆಸರು, ಮಗಳ ಗಂಡನ ನೌಕರಿ ಎಲ್ಲ ತಿಳಿದಿರುತ್ತದೆ. ನಾನು ತಡೆಯಲಾರದೆ ಎದುರು ಕೂತ ಹಿರಿಯನಿಗೆ ಒಂದು ಶೇಂಗಾ ಹೋಳಿಗೆ ಕೊಟ್ಟೆ. ಆತ ಎರಡೂ ಕೈಯಿಂದ ಇಸಿದುಕೊಂಡ. ತಿನ್ನಲೂ ಇಲ್ಲ, ಕೆಳಗಿಡಲೂ ಇಲ್ಲ. ತನ್ನ ನಿಲ್ದಾಣ ಬಂದಾಗ ಬಹಳ ವಿನಯದಿಂದ ಅದನ್ನು ನನಗೇ ಮರಳಿಸಿ ಇಳಿದು ಹೋದ. ಸ್ವಲ್ಪ ಹೊತ್ತು ಹಿಡಿದುಕೊಂಡಿರಿ ಎಂದು ನಾನು ಕೇಳಿದ್ದೇನೆ ಎಂದು ತಿಳಿದಿದ್ದನೋ ಏನೋ.

ಸೇತುವೆ ದಾಟಿದ ಮೇಲೆ ಸಪಾಟು ಭೂಮಿ, ಕಪ್ಪು ಮಣ್ಣು, ಅಲ್ಲಲ್ಲಿ ಗಾಳಿಯಂತ್ರಗಳು. ಒಂದು ಕ್ಷಣ ನಮ್ಮ ಸೀಮೆಯೇ ಅನ್ನಿಸಿತು. ಬೆಳುಂಕಿಯ ದಾರಿಯಲ್ಲಿ ನಿಂತರೆ ಹೀಗೇ ದಿಗಂತದವರೆಗೆ ಏನೂ ಅಡ್ಡ ಬರುವುದಿಲ್ಲ. ಆದರೆ ಇಲ್ಲಿ ಹೊಲದಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ.

ಶಬಾನಾಳ ಮನೆ

"ಬರ್ರಿ ಗುರೂಜಿ, ಬರ್ರಿ. ಕುಂದ್ರಿ. ಎಷ್ಟು ಮೆತ್ತಗಾಗೀರಿ! ಮೊದಲ ನಿಮ್ಮ ದನೀಗೇ ಸಾಲಿ ಗ್ವಾಡಿ ನಡಗತಿದ್ವು."

ಆ ಚಳಿಯಲ್ಲಿ ಆ ಕನ್ನಡ ಕೇಳಿ, ಕೋಟು ಬಿಚ್ಚುವುದನ್ನೂ ಮರೆತು ಕೂತುಬಿಟ್ಟೆ. ಅವಳ ಅಡಿಗೆಮನೆ ಸಣ್ಣದು, ಕಿಟಕಿಯಲ್ಲಿ ಒಂದು ದೀಪ. ಆ ಊರಿನವರೆಲ್ಲ ಕಿಟಕಿಗೆ ಪರದೆ ಹಾಕದೆ ಹೀಗೆ ದೀಪ ಇಡುತ್ತಾರೆ. ಅಲ್ಲಿಯ ಕರಿ ಹಿಟ್ಟಿನಿಂದ ಅವಳು ರೊಟ್ಟಿ ಬಡಿದಿದ್ದಳು. ಅಂಚೆಲ್ಲ ಸೀಳಿದ್ದವು, ಆದರೂ ಬಡಿದದ್ದೇ ದೊಡ್ಡದು.

"ನಿನ್ನ ರೊಟ್ಟಿ ನಿನ್ನ ಭೂಗೋಳದ ಪೇಪರಿನಂಗ ಅದ," ಎಂದೆ. "ಒಂದು ದೇಶದ ಗಡೀನೂ ಸರಿ ಇಲ್ಲ."

"ಹೌದ್ರಿ, ಪಾಸ್ ಅಂತೂ ಮಾಡಿದ್ರಲ್ಲ. ತಿನ್ರಿ."

ಉಣ್ಣುತ್ತ ಕೇಳಿದೆ: "ಕಪ್ಪಾದ ತಗಡಿನಾಗಿಂದ ಮಾರಿ ಹ್ಯಾಂಗ ತೆಗೀತೀರವ್ವಾ?"

"ನಮ್ಮ ಅಬ್ಬಾ ಕಲಾಯಿ ಹಾಕೂದು ನೋಡೀರಲ್ರಿ, ಲೋಹದ ಮ್ಯಾಲ ಲೋಹ ಕುಂದ್ರೂದು? ಇಲ್ಲೂ ಅದ. ಬೆಳ್ಳಿ ತಗಡಿಗೆ ಬೆಳಕು ಬಡೀತದ. ಆಮ್ಯಾಲ ಪಾದರಸದ ಹೊಗಿ ಹಿಡೀತಾರ. ಬೆಳಕು ಎಲ್ಲಿ ಬಿದ್ದದ ಅಲ್ಲಿ ಪಾದರಸ ಪುಡಿಪುಡಿಯಾಗಿ ಕುಂದರ್ತದ. ಆ ಪುಡೀನ ಮಾರಿ. ಮ್ಯಾಲ ಕರಿ ಬಂದದ ಅಂದ್ರ ಕಂಬಳಿ ಹೊಚ್ಚಿದಂಗ. ನಾವು ಕಂಬಳಿ ತೆಗ್ಯೂದಿಲ್ಲ. ಕ್ಷಕಿರಣ ಬಿಟ್ರ ಪಾದರಸ ಎಲ್ಲೆಲ್ಲಿ ಅದ ಅಲ್ಲಲ್ಲಿ ತನ್ನ ಗುರುತು ಹೇಳ್ತದ. ಅದನ್ನ ಕೂಡಿಸಿದ್ರ ಮಾರಿ ಬರ್ತದ."

"ಪುಡಿ ಗಟ್ಟಿ ಇರ್ತದೇನು?"

"ಎಲ್ಲೀದ್ರಿ! ಹಣಿ ಮ್ಯಾಲಿನ ವಿಭೂತಿ ಇದ್ದಂಗ. ತಿಕ್ಕಿದ್ರ ಹೋತು."

ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮುಂಬೈಯ ಹುಡುಗ ಮೀಸೆ ತಿದ್ದಿಕೊಂಡದ್ದು ಕಣ್ಣೆದುರು ಬಂತು.

"ಶಬಾನಾ," ಎಂದೆ, "ಅದು ಹೊಳೀಲಾಕತ್ತದ."

ಅವಳು ಎದ್ದಳು. ಕೈ ತೊಳೆದು, ಒರೆಸಿಕೊಂಡು, ತೆಳ್ಳನೆಯ ಕೈಗವಸು ಹಾಕಿಕೊಂಡು ಬಟ್ಟೆ ಬಿಚ್ಚಿದಳು. ಕಿಂಡಿಯೊಳಗಿನ ಬೆಳ್ಳಿಯಲ್ಲಿ ಅವಳ ಮುಖ ಕಂಡಿತು. ತಗಡನ್ನು ಮೂಗಿನ ಹತ್ತಿರ ಹಿಡಿದಳು. ಹಿತ್ತಾಳೆಯ ಅಂಚಿನ ಸಂದಿಯಲ್ಲಿ ಬೂದಿಯ ಸಣ್ಣ ಗೆರೆ ಕೂತಿತ್ತು.

"ಹುಣಸಿಹಣ್ಣು," ಎಂದಳು. ಕಲಾಯಿಯವನ ಮಗಳಿಗೆ ಆ ವಾಸನೆ ತಿಳಿಯದೆ ಇರುತ್ತದೆಯೇ? "ಹುಣಸಿಹಣ್ಣು, ಬೂದಿ. ನಿನ್ನಿ ಮೊನ್ನಿ ತಿಕ್ಕಿದ್ದು."

ಆಮೇಲೆ ಯಾರೂ ಉಣ್ಣಲಿಲ್ಲ.

ಬೆಳಿಗ್ಗೆ ಮನೆಗೆ ಫೋನು ಮಾಡಿದೆ. ದೊಡ್ಡವ್ವನ ದನಿಯಲ್ಲಿ ಹಬ್ಬವಿತ್ತು.

"ಮುಟ್ಟಿದಿ? ಹಿರೇವ್ವ ಹ್ಯಾಂಗ ಅದಾಳ? ಥಂಡಿ ಭಾಳ ಅದ ಅಂತ, ಆಕಿಗೆ ಏನರ ಹೊಚ್ಚು."

"ದೊಡ್ಡವ್ವಾ, ತಗಡು ತಿಕ್ಕಿದ್ದೇನು?"

"ಮತ್ತ! ಹೆಣ್ಣಮಗಳು ಊರು ಬಿಟ್ಟು ಹೊಂಟ್ರ ಮಾರಿ ತೊಳೀದ ಕಳಸ್ತಾರೇನೋ? ಅಲ್ಲಿ ಮಂದಿ ಏನಂದಾರು, ಈ ಮನ್ಯಾಗ ಸೊಸ್ತೇರು ಇಲ್ಲೇನು ಅಂತಾರ. ನಮ್ಮತ್ತಿ ಮುಟ್ಟಬ್ಯಾಡ ಅಂದಿದ್ಲು ಖರೆ. ನಾ ಕೈ ಮುಗುದು, ತಪ್ಪಾತು ಯವ್ವಾ ಅಂತ ಕೇಳ್ಕೊಂಡು ತಿಕ್ಕಿದೆ. ಎಷ್ಟು ಕರಿ ಬಂತಂತಿ! ಈಗ ಕಾಣ್ತಾಳಲ್ಲಾ?"

"ಇವತ್ತು ನೋಡ್ತಾರ," ಎಂದು ಫೋನು ಇಟ್ಟೆ. ಶಬಾನಾ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು.

ಪ್ರಯೋಗಾಲಯ

ಊರ ಹೊರಗೆ, ಹೊಲಗಳ ನಡುವೆ ಒಂದು ದುಂಡನೆಯ ಕಟ್ಟಡ. ಸೋನ್ಯಾಳದ ಅರ್ಧ ಊರು ಅದರೊಳಗೆ ಹಿಡಿಸೀತು. ಒಳಗೆ ಕೊಳವೆಯ ಬಳೆಯೊಂದರಲ್ಲಿ ಕಣ್ಣಿಗೆ ಕಾಣದ ಕಣಗಳು ಗಾಣದೆತ್ತಿನಂತೆ ಸುತ್ತುತ್ತ ಕಿರಣ ಚೆಲ್ಲುತ್ತವೆ ಎಂದು ಶಬಾನಾ ವಿವರಿಸಿದಳು. ನನಗೆ ಒಂದೇ ಸಮನೆ ಗುಂಯ್‌ಗುಟ್ಟುವ ಸದ್ದು ಕೇಳಿತು, ಅಷ್ಟೆ.

ಅವಳ ಮೇಲಿನ ಅಧಿಕಾರಿ ಲಾರ್ಸ್ ಎಂಬ ನೀಳ ಮುದುಕ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಅಡಿಕೆ ಜಗಿದು ಮುಗಿಸುವಷ್ಟು ಬಿಡುವು. ತಗಡನ್ನು ನೋಡಿ, ಇದನ್ನು ತೊಳೆದವರು ಯಾರು ಎಂದು ಕೇಳಿದ. ಮನೆಯ ಹಿರಿಯ ಹೆಣ್ಣುಮಗಳು, ಪ್ರೀತಿಯಿಂದ ಎಂದು ಹೇಳಿಸಿದೆ. ಆತ ತಲೆಯಾಡಿಸಿದ. ಆಮೇಲೆ ಅವನು ಹೇಳಿದ್ದನ್ನು ಶಬಾನಾ ಕನ್ನಡಕ್ಕೆ ತಂದಳು: "ಇಲ್ಲಿ ಓದಿದವರೂ ಮೊದಲ ಹಿಂಗ ಮಾಡ್ಯಾರಂತ್ರಿ. ಸ್ವಚ್ಛ ಮಾಡ್ತೀವಂತ ಹೋಗಿ ಭಾಳ ಮಾರಿ ಕಳ್ಕೊಂಡಾರಂತ."

ಆತ ನನ್ನ ಸಮಾಧಾನಕ್ಕೆ ಹೇಳಿದ್ದನೋ ಏನೋ. ನನಗೆ ಸಮಾಧಾನವಾಗಲಿಲ್ಲ.

ತಗಡನ್ನು ಗೂಡಿನೊಳಗೆ ನಿಲ್ಲಿಸಿ ಕಬ್ಬಿಣದ ಬಾಗಿಲು ಹಾಕಿದರು. ಹೊರಗೆ ಪರದೆಯ ಮೇಲೆ ಒಂದೊಂದೇ ಎಳೆ ಮೂಡತೊಡಗಿತು, ಮಗ್ಗದ ಮೇಲೆ ಸೀರೆ ಇಳಿಯುವಂತೆ. ಮೂಡಿದ್ದೆಲ್ಲ ಬರೀ ಬೂದು. ಕಿಂಡಿಯ ಮೇಲ್ತುದಿ ಬಂತು, ಬೂದು. ತಲೆ ಇರಬೇಕಾದ ಜಾಗ ಬಂತು, ಬೂದು. ಕಣ್ಣು, ಮೂಗು, ಬಾಯಿ ಇರಬೇಕಾದ ಕಡೆ ಉಜ್ಜಿದ ಬೆರಳಿನ ಸುತ್ತುಗಳು ಮಾತ್ರ ಕಂಡವು. ಅವುಗಳನ್ನು ನೋಡಿದ ಕೂಡಲೇ ಗುರುತಿಸಿದೆ. ದೊಡ್ಡವ್ವ ತಂಬಿಗೆ ಬೆಳಗುವುದೂ ಹೀಗೇ, ನಡುವಿನಿಂದ ಸುತ್ತುತ್ತ ಅಂಚಿಗೆ. ಎಣ್ಣೆ ಹಚ್ಚಿ ನನ್ನ ತಲೆ ತಿಕ್ಕುತ್ತಿದ್ದದ್ದೂ ಹೀಗೇ.

"ಒಂಚೂರೂ ಇಲ್ಲೇನವ್ವಾ?"

"ಇಲ್ರಿ ಗುರೂಜಿ." ಅವಳ ಕಣ್ಣು ತುಂಬಿದ್ದವು. "ಎಷ್ಟು ನೆಟ್ಟಗ ತಿಕ್ಯಾರ್ರಿ. ಒಂದು ಸಂದಿ ಬಿಟ್ಟಿಲ್ಲ."

ಲಾರ್ಸ್ ಎದ್ದು ಪರದೆಯ ಹತ್ತಿರ ಹೋಗಿ, ಚಿತ್ರದ ಮೂಲೆಗಳ ಮೇಲೆ ಬೆರಳಿಟ್ಟ. ಕಿಂಡಿ ತತ್ತಿಯಾಕಾರ, ತಗಡು ಚೌಕ. ನಾಲ್ಕು ಮೂಲೆಗಳೂ ಹಿತ್ತಾಳೆಯ ಕೆಳಗೆ ಅಡಗಿವೆ. ಅಲ್ಲಿಗೆ ಹುಣಸೆಹಣ್ಣು ಮುಟ್ಟಿಲ್ಲ. ಹಿತ್ತಾಳೆಯನ್ನು ಮೆಲ್ಲಗೆ ಬಿಚ್ಚಿ ನಾಳೆ ನೋಡೋಣ ಎಂದ. ಮೂಲೆಯಲ್ಲಿ ಮುಖ ಇರುವುದಿಲ್ಲ, ಅದನ್ನೂ ಹೇಳಿದ.

ಗೋರಿಗಳ ನಡುವೆ

ಆ ಸಂಜೆ ಅಲ್ಲಿಯವರು ಸತ್ತವರನ್ನು ನೆನೆಯುವ ದಿನ. ಲಾರ್ಸ್ ತನ್ನ ತಾಯಿಯ ಗೋರಿಗೆ ದೀಪ ಇಡಲು ಹೊರಟವನು ನಮ್ಮನ್ನೂ ಕರೆದ. ಜಿಟಿಜಿಟಿ ಮಳೆ. ಗಾಜಿನ ಗೂಡುಗಳೊಳಗೆ ಎಲ್ಲೆಡೆ ಮೇಣದ ದೀಪ ಉರಿಯುತ್ತಿದ್ದವು. ಜನ ಬಗ್ಗಿ ದೀಪ ಇಡುವುದು, ನಿಲ್ಲುವುದು, ಹೋಗುವುದು. ಅಳುವ ಸದ್ದಿಲ್ಲ, ಅಗರಬತ್ತಿಯಿಲ್ಲ.

ಕೆಲವು ಕಲ್ಲುಗಳ ಮುಂದೆ ದೀಪವಿರಲಿಲ್ಲ, ಸಣ್ಣದೊಂದು ಫಲಕ ಇತ್ತು. ಈ ಗೋರಿಗೆ ವಾರಸುದಾರರು ಇದ್ದರೆ ತಿಳಿಸಿ ಎಂದು ಬರೆದಿದೆಯಂತೆ. ಯಾರೂ ಬರದಿದ್ದರೆ ಕಲ್ಲು ತೆಗೆದು ಜಾಗವನ್ನು ಬೇರೆಯವರಿಗೆ ಕೊಡುತ್ತಾರಂತೆ. ನಾನು ಬೆಚ್ಚಿದೆ. ನಮ್ಮಲ್ಲಿ ಹೊಲದ ಬದುವಿಗೆ ಮಣ್ಣು ಮಾಡಿದವರ ಹೆಸರು ಮರೆತರೂ ಅಲ್ಲಿ ನೇಗಿಲು ಹಾಯಿಸುವುದಿಲ್ಲ.

"ನಿಮ್ಮ ಮನೆಯಲ್ಲಿ ಆ ತಗಡಿಗೆ ಇನ್ನೂ ಪೂಜೆ ಮಾಡುತ್ತೀರಾ?" ಎಂದು ಲಾರ್ಸ್ ಕೇಳಿಸಿದ. "ಮುಖ ಕಾಣದಿದ್ದರೂ?"

"ಕಾಣದಿದ್ದದ್ದಕ್ಕೇ ಇಷ್ಟು ವರ್ಷ ಮಾಡಿದೆವು," ಎಂದೆ. ಆತ ಒದ್ದೆ ಕಲ್ಲಿನ ಮೇಲಿನ ತಾಯಿಯ ಹೆಸರನ್ನು ಕೈಗವಸಿನಿಂದ ಒರೆಸಿದ. ಯಾವ ಸೀಮೆಯವರೇ ಆಗಲಿ ಒರೆಸುವುದೊಂದನ್ನು ಬಿಡುವುದಿಲ್ಲ ಎಂದುಕೊಂಡೆ.

ಕೆಳಗಿನ ಎಡಮೂಲೆ

ಮರುದಿನ ಹಿತ್ತಾಳೆ ಬಿಚ್ಚಿ ಮೂಲೆಗಳನ್ನು ಕಿರಣಕ್ಕೆ ಹಿಡಿದರು. ಮೇಲಿನ ಎರಡು ಮೂಲೆಗಳಲ್ಲಿ ಗೋಡೆ, ಒಂದು ಪರದೆಯ ಮಡಿಕೆ. ಕೆಳಗಿನ ಬಲಮೂಲೆಯಲ್ಲಿ ಜಾಲರಿ ಅಂಚಿನ ಬಿಳಿ ಬಟ್ಟೆ ಇಳಿಬಿದ್ದಿತ್ತು. ತೊಡೆಯ ಮೇಲಿದ್ದ ಸಾಹೇಬನ ಕೂಸಿನ ಅಂಗಿ ಇರಬೇಕು. ಅದರ ಕೆಳಗೆ ಬರಿಗಾಲೊಂದು, ನೆಲದ ಮೇಲೆ ಮಡಿಚಿದ್ದು. ಬೆರಳಿಗೆ ಕಾಲುಂಗುರ. ಹಿಮ್ಮಡಿಯ ಬಿರುಕೂ ಕಾಣುವಷ್ಟು ಸ್ಪಷ್ಟ. ಕುರ್ಚಿ ಇರಲಿಲ್ಲ.

ಕೆಳಗಿನ ಎಡಮೂಲೆ ಕಡೆಗೆ ಬಂತು. ಮೊದಲು ಸೆರಗಿನ ತುದಿ. ಆಮೇಲೆ ಅದನ್ನು ಬಿಗಿಹಿಡಿದ ಒಂದು ಪುಟ್ಟ ಮುಷ್ಟಿ. ಅದರ ಹಿಂದೆ ಮೊಣಕಾಲೂರಿದ ಇನ್ನೊಂದು ಕೂಸು, ಮೈಮೇಲೆ ಚೂರು ಬಟ್ಟೆಯಿಲ್ಲದ್ದು, ಸೊಂಟಕ್ಕೆ ಉಡದಾರ ಕಟ್ಟಿದ್ದು. ಮುಷ್ಟಿ ಸ್ಪಷ್ಟ, ಮುಖ ಮಾತ್ರ ಹೊಗೆಯಂತೆ ಹರಡಿತ್ತು.

"ಇದನ್ನ ಯಾರೂ ತಿಕ್ಕಿಲ್ರಿ," ಎಂದಳು ಶಬಾನಾ. "ಇದು ಅಲ್ಲಾಡಿದ್ದು. ಆಗಿನ ಫೋಟೊ ಲಗೂನ ಮೂಡತಿದ್ದಿಲ್ಲ. ಅಷ್ಟು ಹೊತ್ತು ಕಲ್ಲಿನಂಗ ಕುಂದ್ರಬೇಕಿತ್ತು. ಈ ಕೂಸು ಕುಂತಿಲ್ಲ, ತಲಿ ಅತ್ತಾಗ ಇತ್ತಾಗ ಮಾಡ್ಯದ."

ಲಾರ್ಸ್ ನಿಧಾನವಾಗಿ ಹೇಳಿದ: ಒಂದು ಕೂಸು ಅಲ್ಲಾಡಿ ಕೆಟ್ಟ ತಗಡು. ಬಹುಶಃ ಸಾಹೇಬ ಇನ್ನೊಂದನ್ನು ತೆಗೆಸಿಕೊಂಡಿರುತ್ತಾನೆ, ಕೆಟ್ಟದ್ದನ್ನು ಇವಳಿಗೆ ಕೊಟ್ಟಿರುತ್ತಾರೆ. ಕೊಡುವ ಮೊದಲು ಹಿತ್ತಾಳೆ ಹಾಕಿ ಮೂಲೆ ಮುಚ್ಚಿದ್ದಾರೆ. ಇದು ಅವನ ಊಹೆ. ಕೆಟ್ಟ ತಗಡು ಎಂಬ ಮಾತನ್ನು ಕನ್ನಡದಲ್ಲಿ ಹೇಳುವಾಗ ಶಬಾನಾ ತಡವರಿಸಿದಳು.

ಅವರು ತಗಡಿಗೆ ಹೊಸ ಗಾಜು ಕೂಡಿಸಿ, ಇನ್ನು ಗಾಳಿ ಹೋಗದಂತೆ ಅಂಚು ಕಟ್ಟಿಕೊಟ್ಟರು. ಮೂಲೆಗಳ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿಕೊಟ್ಟರು. ಬೀಳ್ಕೊಡುವಾಗ ಶಬಾನಾ ನನ್ನ ಕಾಲು ಮುಟ್ಟಿ, "ದೊಡ್ಡವ್ವಗ ಏನ ಹೇಳ್ತೀರಿ ಗುರೂಜಿ?" ಎಂದಳು. ನನಗೆ ಗೊತ್ತಿರಲಿಲ್ಲ. ಕಡಲು ದಾಟಿದೆ, ಮುಂಬೈ ದಾಟಿದೆ, ಜತ್ತದ ಬಸ್ಸು ಹತ್ತಿದೆ. ಆಗಲೂ ಗೊತ್ತಿರಲಿಲ್ಲ.

ಮತ್ತೆ ಸೋನ್ಯಾಳ

ಅವಳು ಪಡಸಾಲೆಯಲ್ಲಿ ಕೂತಿದ್ದಳು. ನನ್ನ ಚಪ್ಪಲಿಯ ಸದ್ದಿಗೇ ಮುಖ ಎತ್ತಿದಳು.

"ಮಾರಿ?" ಎಂದಳು. ಹ್ಯಾಂಗ ಬಂದಿ, ಉಂಡಿ ಏನು, ಒಂದೂ ಇಲ್ಲ.

ನಿನ್ನಂತೆಯೇ ಇದ್ದಾಳೆ ಎಂದು ಹೇಳಿಬಿಡಬಹುದಿತ್ತು. ಕಾಗದವನ್ನು ಕಣ್ಣಿಗೆ ಹಚ್ಚಿ ಹಿಡಿದರೂ ಅವಳಿಗೆ ಬೆರಳಗಲದಷ್ಟೇ ಕಾಣುತ್ತದೆ. ಆದರೆ ಈ ನಾಲಿಗೆಗೆ ಮಾತು ಕಲಿಸಿದವಳು ಅವಳು.

"ಇಲ್ಲ ದೊಡ್ಡವ್ವಾ."

"ಯಾಕ?"

"ತಿಕ್ಕಿದ್ದಕ್ಕ ಹೋತು. ಕರಿ ಇದ್ದಿದ್ರ ಸಿಗತಿತ್ತಂತ."

ಅವಳು ಎರಡೂ ಕೈಗಳನ್ನು ತಿರುಗಿಸಿ, ಅಂಗೈಗಳನ್ನು ಕಣ್ಣಿನ ಹತ್ತಿರ ತಂದು ನೋಡಿಕೊಂಡಳು. ಬಹಳ ಹೊತ್ತು ನೋಡಿಕೊಂಡಳು.

ನಾನು ಉಳಿದದ್ದನ್ನೆಲ್ಲ ಹೇಳಿದೆ. ಕುರ್ಚಿ ಇಲ್ಲದ್ದು, ನೆಲದ ಮೇಲಿನ ಕಾಲು, ಬಿಳಿ ಅಂಗಿ, ಮೂಲೆಯ ಕೂಸು, ಅದರ ಮುಷ್ಟಿ. ಮುದ್ರಿಸಿದ ಚಿತ್ರದ ಮೇಲೆ ಅವಳ ಬೆರಳು ಹಿಡಿದು ಆ ಮುಷ್ಟಿಯಿದ್ದ ಜಾಗಕ್ಕೆ ಒಯ್ದೆ. ಬೆರಳು ಅಲ್ಲೇ ನಿಂತಿತು.

"ಇದು ಆಕೀ ಕೂಸೇನ?"

"ಹೌದು. ನಮ್ಮಪ್ಪ ದೊಡ್ಡಪ್ಪ ಎಲ್ಲಾರೂ ಅದರ ಬಳ್ಳಿನ."

"ಅದರ ಮಾರಿ?"

"ಅದೂ ಇಲ್ಲ. ಅಲ್ಲಾಡ್ಯದ."

"ಅಳತಿತ್ತು ಅನ್ನು." ಅವಳ ದನಿ ತಗ್ಗಿತು. "ಹಸ್ತಿತ್ತು. ಆಕಿ ಎತ್ತಿಕೊಳ್ಳಲಿಲ್ಲೇನ?"

"ತೊಡಿ ಮ್ಯಾಲ ಸಾಹೇಬನ ಕೂಸಿತ್ತಲ್ಲ. ಅಲ್ಲಾಡಬ್ಯಾಡ ಅಂದಿರ್ತಾರ."

"ನಾವು ಆಕಿನ್ನ ರಾಣಿ ಮಾಡಿ ಕುಂದ್ರಸಿದ್ವಿ," ಎಂದಳು ದೊಡ್ಡವ್ವ. ಆಮೇಲೆ ಕೈ ಚಾಚಿದಳು. "ಇಲ್ಲಿ ತಾ."

ತಗಡನ್ನು ಕೊಟ್ಟೆ. ಅಭ್ಯಾಸದಂತೆ ಅವಳ ಸೆರಗಿನ ತುದಿ ಗಾಜಿನ ಮೇಲೆ ಬಂತು, ಬಂದದ್ದು ಅಲ್ಲೇ ತಡೆಯಿತು.

"ವರಸು ದೊಡ್ಡವ್ವಾ," ಎಂದೆ. "ಗಾಜು ಹಾಕ್ಯಾರ. ಈಗ ಏನೂ ಆಗೂದಿಲ್ಲ."

ಅವಳು ಒರೆಸಲಿಲ್ಲ. ಸೆರಗು ಬಿಟ್ಟು ತಗಡನ್ನು ಉಡಿಯಲ್ಲಿ ಹಾಕಿಕೊಂಡಳು, ಅದರ ಮೇಲೆ ಎರಡೂ ಕೈ ಮುಚ್ಚಿದಳು. ಹೊರಗೆ ಬೆಳಕಿತ್ತು, ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಮೊಣಕಾಲು ಮೆಲ್ಲಗೆ ಅಲ್ಲಾಡತೊಡಗಿತು, ರಚ್ಚೆ ಹಿಡಿದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತೂಗುತ್ತಾರಲ್ಲ, ಹಾಗೆ.